ಮನೆಯಲ್ಲಿ ಒಂದೇ ಭಾಷೆ

೧೯೮೯ರಲ್ಲಿ, ಎಂಟನೇ ಇಯತ್ತೆಗೆ ನನ್ನ ಓದು ನಿಂತಿತು. ಅಪ್ಪ ಪುಣೆಯಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನ ಜಾಗಕ್ಕೆ ಯಾದಗಿರಿ ಕಡೆಯಿಂದ ನಾನು ಬಂದೆ. ಮೊದಲು ಸಿಮೆಂಟು ಹೊತ್ತೆ, ಆಮೇಲೆ ನೆಲಕ್ಕೆ ಫರಸಿ ಕಲ್ಲು ಕೂರಿಸುವುದನ್ನು ಕಲಿತೆ. ನನ್ನ ಕೆಲಸದಲ್ಲಿ ಇವತ್ತಿನವರೆಗೆ ಯಾರೂ ತಪ್ಪು ಹುಡುಕಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರು ಹೇಳುತ್ತಾರೆ?

ತಂಗಿಯನ್ನು ಓದಿಸಿದೆ. ಮಾತು ಬಾರದ ಮಕ್ಕಳಿಗೆ, ಲಕ್ವ ಹೊಡೆದವರಿಗೆ ಮಾತು ಕಲಿಸುವ ವಿದ್ಯೆ ಅವಳದು. ಅಂಥದ್ದೊಂದು ಇದೆ ಎಂದು ನನಗೆ ಗೊತ್ತಾದದ್ದೇ ಆಗ. ಓದು ಮುಗಿದ ಮೇಲೆ ಅದನ್ನೇ ಕಲಿಸುವ ಕಾಲೇಜಿನಲ್ಲಿ ಲೆಕ್ಚರರ್ ಆದಳು. ಸೈಟಿನಲ್ಲಿ ಪೇಢಾ ಹಂಚಿದೆ.

"ಮಾತಾಡೋದು ಕಲಸಾಕ ಕಾಲೇಜ ಯಾಕ ಬೇಕೋ? ನನ್ನ ಹೇಣ್ತಿನ್ನ ಕಳಸ್ತೀನಿ, ಪುಕಟ ಕಲಸ್ತಾಳ," ಎಂದ ಒಬ್ಬ ಗೌಂಡಿ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆ ವರ್ಷ ನನ್ನ ಮಗನಿಗೆ ಮೂರು ತುಂಬಿತ್ತು. ಬಾಯಲ್ಲಿ ನಾಲ್ಕೈದು ಮಾತು, ಅಷ್ಟೇ. ತಂಗಿ ಬಿಬವೇವಾಡಿಯ ನಮ್ಮ ಒಂದು ಖೋಲಿಯ ಮನೆಗೆ ಬಂದು, ಅವನೆದುರು ನೆಲದ ಮೇಲೆ ಕೂತು, ಬೆನ್ನ ಹಿಂದೆ ಗಿಲಕಿ ಆಡಿಸಿ ನೋಡಿದಳು.

"ಕಿವಿ ಛಲೋ ಅದಾವ ಅಣ್ಣಾ. ಮನ್ಯಾಗ ಕನ್ನಡ, ಓಣ್ಯಾಗ ಮರಾಠಿ, ಟಿವ್ಯಾಗ ಹಿಂದಿ. ಕೂಸಿಗೆ ಗೊಂದಲ ಆಗ್ಯದ. ಮನ್ಯಾಗ ಒಂದ ಭಾಷಾ ಇಡ್ರಿ. ನಾಳೆ ಸಾಲಿಗೆ ಹೋಗಾಂವ, ಮರಾಠಿನ ಇರ್ಲಿ."

"ನನಗ ಮರಾಠಿ ಎಲ್ಲಿ ಬರ್ತದವ್ವಾ?" ಎಂದಳು ನನ್ನ ಹೆಂಡತಿ.

"ಬಂದಷ್ಟ ಮಾತಾಡ್ರಿ ವೈನಿ. ಕನ್ನಡ ಮಾತ್ರ ಬ್ಯಾಡ."

ಬಂದಷ್ಟು ಎಂದರೆ ಯೇ, ಖಾ, ಝೋಪ್. ಬಾ, ತಿನ್ನು, ಮಲಗು. ಇಷ್ಟರಲ್ಲೇ ಅವಳು ಮಗನನ್ನು ಸಾಕಿದಳು. ಜೋಗುಳವನ್ನು ಬಾಯಿ ಮುಚ್ಚಿಕೊಂಡು ಗುನುಗಿದಳು. ಎಂದಾದರೂ "ಬಾರೋ ನನ್ನಪ್ಪಾ" ಎಂದು ನಾಲಿಗೆ ಜಾರಿದರೆ ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡುವಳು. ಐದನೇ ವರ್ಷಕ್ಕೆ ಹುಡುಗ ಪಟಪಟನೆ ಮರಾಠಿ ಆಡಿದ. ತಂಗಿಯ ವಿದ್ಯೆಗೆ ನಾನು ಕೈಮುಗಿದೆ.

ಅವಳು ಏರುತ್ತ ಹೋದಳು. ಡಾಕ್ಟರೇಟ್ ಆಯಿತು, ಪ್ರೊಫೆಸರ್ ಆದಳು. ಕೋಥರೂಡದ ಅವಳ ಫ್ಲ್ಯಾಟಿಗೆ ಫರಸಿ ಕೂರಿಸಿದವನು ನಾನೇ. ಇತ್ತ ನನ್ನ ಹೆಂಡತಿ ಕಾಯಿಪಲ್ಲೆ ಮಂಡಿಯ ಮರಾಠಿ ಕಲಿತಳು. ಕೊತ್ತಂಬರಿ ಚೌಕಾಶಿಗೆ ಅದು ಸಾಕು. ತನ್ನವ್ವ ಹೇಗೆ ಸತ್ತಳೆಂದು ಮಗನಿಗೆ ಹೇಳಲು ಸಾಲದು. ಅಂಥದ್ದೇನಿದ್ದರೂ ನನಗೆ ಹೇಳುತ್ತಾಳೆ, ನಾನು ಅವನಿಗೆ ದಾಟಿಸುತ್ತೇನೆ. ದಾಟುವಾಗ ಅರ್ಧ ಉದುರಿ ಹೋಗುತ್ತದೆ.

ಹೋದ ವರ್ಷ ತಂಗಿ ವಿಭಾಗದ ಮುಖ್ಯಸ್ಥೆಯಾದಳು. ಕಾಲೇಜಿನಲ್ಲಿ ಪಾಲಕರ ಸಭೆ ಇಟ್ಟು, ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು. ನಮ್ಮ ಕಡೆಯ ಕೂಲಿ ಹೆಂಗಸೊಬ್ಬಳು ಮಾತು ಬಾರದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಎದ್ದು ನಿಂತು, ಮನೆಯಲ್ಲಿ ಯಾವ ಭಾಷೆ ಆಡಲಿ ಎಂದು ಕೇಳಿದಳು. ತಂಗಿ ವೇದಿಕೆಯಿಂದ ಇಳಿದು ಅವಳ ಹತ್ತಿರ ಬಂದಳು.

"ನಿಮ್ಮ ಮಾತು ಬಿಡಬ್ಯಾಡ್ರಿ ಯವ್ವಾ. ಎರಡು ಭಾಷಾದಿಂದ ಕೂಸಿಗೆ ಏನೂ ಆಗಂಗಿಲ್ಲ. ತಾಯಿ ತನ್ನ ಮಾತಿನ್ಯಾಗ ಆಡಿದ್ರನ ಛಲೋ."

ಜನ ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ.

ಚಹಾದ ಹೊತ್ತಿಗೆ ಅವಳನ್ನು ಪಕ್ಕಕ್ಕೆ ಕರೆದೆ. "ನಮಗ ಬ್ಯಾರೆ ಹೇಳಿದ್ದಿ."

"ಆವಾಗ ನಮಗೂ ಹಂಗ ಕಲಿಸಿದ್ರು ಅಣ್ಣಾ. ಈಗ ಎಲ್ಲಾರೂ ಹಿಂಗ ಹೇಳ್ತಾರ."

"ನಾ ಹಾಕಿದ ಫರಸಿ ಎದ್ರ, ಒಡದು ಮತ್ತ ಹಾಕಿ ಕೊಡ್ತೀನಿ. ನೀ ಏನ ಮಾಡ್ತಿ?"

ಅವಳು ಕಪ್ಪಿನಲ್ಲಿದ್ದ ಚಹಾ ನೋಡುತ್ತ, "ಅಂವ ಈಗೂ ಕನ್ನಡ ಕಲೀಬಹುದು. ದೊಡ್ಡವರಿಗೆ ಕ್ಲಾಸ್ ಅದಾವ," ಎಂದಳು. ಅಷ್ಟರಲ್ಲಿ ವಿದ್ಯಾರ್ಥಿಗಳು ಫೋಟೊಗೆ ಕರೆದರು. ಹೋದಳು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ತಾಯಿ ಮಾತಿಂದ ಕೂಸು ಕೆಡ್ತದೇನ್ರಿ ಅಂತ ಆವತ್ತ ಕೇಳಿದ್ದೆ. ಅಕಿ ಕಲಿತಾಕಿ, ನೀ ಸುಮ್ಕಿರು ಅಂದ್ರಿ."

ಅಂದದ್ದು ಹೌದು. ಎಂಟನೇ ಇಯತ್ತೆ ದಾಟಿದವರ ಮಾತಿಗೆ ಎದುರಾಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಮಗ ಕೆಲಸದಿಂದ ಬಂದ. "ಯೇ, ಖಾ," ಎಂದಳು. ಅವನು ಉಂಡು ಎದ್ದು ಹೊರಗೆ ಹೋದ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಎರಡು ಖೋಲಿಯ ಮನೆ, ಫರಸಿ ಕೊಯ್ಯುವ ಒಂದು ಮಶೀನು, ಕೈಕೆಳಗೆ ಏಳು ಆಳು. ಪ್ರೊಫೆಸರ್ ತಂಗಿ ಒಬ್ಬಳು. ಹೆಂಡತಿ ಒಬ್ಬಳು, ಮಗ ಒಬ್ಬ. ಅವರಿಬ್ಬರ ನಡುವೆ ಮಾತು ಹೊರಲು ನಾನೊಬ್ಬ.