ಸರಪಳಿ ಆಟದ ಗೇಣುದ್ದ ದಾರ

ಹೊಸ ಸೀರೆಯ ಮಡಿಕೆ ಬಿಚ್ಚಿದೆ, ನೂಲಿನ ಗಂಜಿಯ ವಾಸನೆ ಬಂತು. ಬನಹಟ್ಟಿಯ ನಮ್ಮ ಮನೆ, ಮಗ್ಗದ ಸಪ್ಪಳ, ರಾಟೆಯ ಮುಂದೆ ಕಂಡಿಕೆಗೆ ನೂಲು ಸುತ್ತುತ್ತ ಕೂತ ಅಜ್ಜಿ. ಎಳೆ ಹರಿದರೆ ಅವಳು ನೋಡದೆಯೇ ಗಂಟು ಹಾಕಿಬಿಡುತ್ತಿದ್ದಳು.

ಶಾಲೆಯಲ್ಲಿ ಆಗ ಸರಪಳಿ ಆಟದ ಹುಚ್ಚು. ಸಿಕ್ಕಿಬಿದ್ದವರೆಲ್ಲ ಕೈಕೈ ಹಿಡಿದು ಓಡುತ್ತ ಉಳಿದವರನ್ನು ಹಿಡಿಯಬೇಕು, ಸಾಲು ಮಾತ್ರ ಕಡಿಯಬಾರದು. "ಒಬ್ಬರಿಗೊಬ್ಬರು ಆಸರೆ ಆಗಬೇಕು, ಅದ ಆಟ" ಅನ್ನುತ್ತಿದ್ದರು ಪಾಠ ಹೇಳುವ ನಮ್ಮ ಅಕ್ಕೋರು.

ನನ್ನ ತರಗತಿಯ ರೇಣವ್ವನೂ ಆಡುತ್ತಾಳೆ ಎಂದು ಒಂದು ದಿನ ಮನೆಯಲ್ಲಿ ಬಾಯಿಬಿಟ್ಟೆ. ಅವಳ ಓಣಿಯವರನ್ನು ನಮ್ಮವರು ಮುಟ್ಟುತ್ತಿರಲಿಲ್ಲ.

"ಆಡ್ಕೋ, ನಾ ಬ್ಯಾಡ ಅನ್ನಂಗಿಲ್ಲ. ಆಕಿ ಕೈ ಮಾತ್ರ ಹಿಡೀಬ್ಯಾಡ" ಎಂದ ಅಜ್ಜಿ, ನಾಲ್ಕು ಎಳೆ ಹೊಸೆದು ಗೇಣುದ್ದದ ದಾರ ಕೊಟ್ಟಳು.

ಮರುದಿನ ಅದರ ಒಂದು ತುದಿ ಹಿಡಿದು ಇನ್ನೊಂದನ್ನು ರೇಣವ್ವನತ್ತ ಚಾಚಿದೆ. ಅವಳು ದಾರ ನೋಡಿದಳು, ನನ್ನ ಮುಖ ನೋಡಿದಳು, ಹಿಡಿದಳು. ಓಡುತ್ತ ತಿರುಗುವಾಗ ದಾರ ಹರಿಯಿತು, ಅವಳು ಮುಗ್ಗರಿಸಿ ಬಿದ್ದಳು.

"ರೇಣಿ ಕೈ ಬಿಟ್ಲರೀ!" ಎಂದು ಹುಡುಗಿಯರು ಕೂಗಿದರು.

"ಯಾಕ ಬಿಟ್ಟಿ ಬೇ?" ಎಂದು ಅಕ್ಕೋರು ಗದರಿದರು.

ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತ ಅವಳು ಒಮ್ಮೆ ನನ್ನತ್ತ ನೋಡಿದಳು. "ತಪ್ಪಾತ್ರಿ" ಎಂದು ಹೋಗಿ ಆಟದ ಹೊರಗೆ ಕೂತಳು. ನಾನು ದಾರದ ತುಂಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ನಿಂತೇ ಇದ್ದೆ.

ಈ ಸೀರೆಯ ಸೆರಗಿನಲ್ಲೂ ಒಂದು ಎಳೆ ಬಿಚ್ಚಿಕೊಂಡಿದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ: ರೇಣವ್ವ ಕೈ ಬಿಟ್ಟಿರಲಿಲ್ಲ. ನಾನು ಹಿಡಿದೇ ಇರಲಿಲ್ಲ.