ಮುಚ್ಚಳದ ಮೇಲಿನ ಬೊಟ್ಟು

ತೊಂಬತ್ತರ ದಶಕದಲ್ಲಿ ಪೆನ್ನಾಗರಂನ ನನ್ನ ಮೆಕ್ಯಾನಿಕ್ ಶೆಡ್ಡಿಗೆ ಎಸ್ಟೇಟ್ ಮಾಲೀಕರೊಬ್ಬರು ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ತಂದರು. ಬ್ರೇಕ್ ಸರಿಮಾಡಿ ಕಳಿಸಿದೆ. ವಾರದಲ್ಲೇ ವಾಪಸ್ಸು ಬಂತು. ಹತ್ತು ಮೈಲಿ ಓಡಿ ಕೆಮ್ಮಿ ನಿಲ್ಲುತ್ತದಂತೆ. ಪೆಟ್ರೋಲ್ ಇದೆಯೇ ಎಂದು ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ಹಾಕಿದರೆ ಮತ್ತೆ ಓಡುತ್ತದಂತೆ. ಕಾರ್ಬುರೇಟರ್ ಬಿಚ್ಚಿದೆ, ಪಂಪು ಬದಲಿಸಿದೆ, ಆ ಕಾರು ಮಾಡಿದವನ ವಂಶವನ್ನೆಲ್ಲ ಬೈದೆ. ಪ್ರತಿ ಸಲವೂ ನಮ್ಮ ಪದ್ಧತಿಯಂತೆ ಕರ್ಪೂರ ಹಚ್ಚಿ, ಲೈಟು, ಬಾನೆಟ್ಟು, ಮುಚ್ಚಳಕ್ಕೆಲ್ಲ ಗಂಧದ ಬೊಟ್ಟಿಟ್ಟೇ ಕಳಿಸಿದೆ.

ನಾಲ್ಕನೇ ಸಲ ಬೊಟ್ಟಿಟ್ಟ ಮೇಲೆ ನಾನೂ ಜೊತೆಗೆ ಹತ್ತಿದೆ. ಧರ್ಮಪುರಿ ರಸ್ತೆಯಲ್ಲಿ ಕಾರು ನಿಂತಿತು. ಮುಚ್ಚಳ ತಿರುಗಿಸಿದೊಡನೆ ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಹರಿಯುವುದಿಲ್ಲ. ಅದಕ್ಕೆಂದೇ ಮುಚ್ಚಳದಲ್ಲಿ ಸಣ್ಣ ತೂತಿರುತ್ತದೆ. ನೋಡಿದರೆ ತೂತಿನ ಮೇಲೆ ಗಂಧ ಒಣಗಿ ಗಟ್ಟಿಯಾಗಿತ್ತು. ಪಿನ್ನಿನಿಂದ ಚುಚ್ಚಿ ತೆಗೆದೆ.

"ಏನಾಗಿತ್ತಪ್ಪಾ?" ಎಂದರು ಮಾಲೀಕರು.

"ಏನೋ ಕಸ ಸೇರ್ಕಂಡಿತ್ತು ಸಾರ್," ಎಂದು ಹೆಬ್ಬೆರಳಿನ ಗಂಧವನ್ನು ಪ್ಯಾಂಟಿಗೆ ಒರೆಸಿಕೊಂಡೆ.