ವೈಜಿನಾಥನ ಫಾರ್ಮಿಗೆ ಬೇಕಾದ ಸಹಿ

೧೯೪೯ರಲ್ಲಿ ವೈಜಿನಾಥ ಮೆಟ್ರಿಕ್ ಪಾಸಾದಾಗ ಹುಮನಾಬಾದಿನ ಅವನ ಮನೆಯಲ್ಲಿ ಯಾರೂ ಸಕ್ಕರೆ ಹಂಚಲಿಲ್ಲ. ಜಗಳ ಹತ್ತಿತು.

ಬಸವಕಲ್ಯಾಣದ ಶಾಲೆಯಲ್ಲಿ ನಾನು ಅವನಿಗೆ ಗಣಿತ ಕಲಿಸಿದ್ದೆ. ಸತ್ತ ಕಪ್ಪೆಯನ್ನು ಹಲಗೆಗೆ ಚುಚ್ಚಿ, ಒಳಗಿನದನ್ನೆಲ್ಲ ನೋಡಿ ಚಿತ್ರ ಬರೆದುಕೊಳ್ಳುತ್ತಿದ್ದ ಹುಡುಗ. ಹೈದರಾಬಾದಿನ ಕಾಲೇಜಿನಲ್ಲಿ ವಿಜ್ಞಾನ ಓದಿ ಡಾಕ್ಟರನಾಗಬೇಕೆಂಬುದು ಅವನ ಆಸೆ. ತಂದೆ ಮಹಾರುದ್ರಪ್ಪನಿಗೆ ಮಗ ವಕೀಲನೇ ಆಗಬೇಕಿತ್ತು. ನಾರಾಯಣಪುರದ ಹೊಲದ ಬಾವಿಗಾಗಿ ಆತ ಅಣ್ಣ ಬಕ್ಕಪ್ಪನ ಮೇಲೆ ಆರು ವರ್ಷದಿಂದ ದಾವೆ ನಡೆಸಿದ್ದ.

“ಕಪ್ಪಿ ಕೊಯ್ದು ಏನ್ ಮಾಡ್ತಿ? ನಿಮ್ಮ ದೊಡ್ಡಪ್ಪನ್ನ ಕಟಕಟ್ಯಾಗ ನಿಲ್ಲಸು. ಅದು ಓದು.”

“ಆ ಬಾವಿ ನೀರು ನನಗ ಬ್ಯಾಡಪ್ಪ.”

“ನಿನಗ ಯಾರ್ ಕೇಳ್ಯಾರ?”

ಮಹಾರುದ್ರಪ್ಪ ತಾನೇ, ಶಾಲೆಯ ಮೂಲಕ ಕಾಲೇಜಿಗೆ ಹೋಗಬೇಕಾದ ಫಾರ್ಮಿನಲ್ಲಿ ಆರ್ಟ್ಸ್ ಎಂದು ಬರೆಯಿಸಿ, ಸಹಿ ಹಾಕಿ, ಮಗನನ್ನೂ ಕರೆದುಕೊಂಡು ಶಾಲೆಗೆ ತಂದ. ಗುಮಾಸ್ತ ಜಲಾಲುದ್ದೀನ್ ದಾಖಲೆ ಪುಸ್ತಕ ತೆಗೆದರು. ಪಾಲಕರ ಜಾಗದಲ್ಲಿ ಬಕ್ಕಪ್ಪನ ಹೆಸರಿತ್ತು. ಕೂಡು ಕುಟುಂಬದಲ್ಲಿ, ತಂದೆ ಇದ್ದರೂ, ಮನೆಯ ಹಿರಿಯನ ಹೆಸರನ್ನೇ ಬರೆಯಿಸುವುದು ನಮ್ಮ ಕಡೆಯ ರೂಢಿ. ಅಣ್ಣತಮ್ಮಂದಿರು ಮುಂದೆ ಬೇರೆಯಾದಾಗ ಒರಳುಕಲ್ಲನ್ನು ಸಹ ಹಂಚಿಕೊಂಡರು; ಈ ಹೆಸರು ಮಾತ್ರ ಯಾರ ನೆನಪಿಗೂ ಬರಲಿಲ್ಲ.

“ಬಕ್ಕಪ್ಪನವರ ಸಹಿ ಬೇಕ್ರಿ,” ಎಂದರು ಜಲಾಲುದ್ದೀನ್.

“ಹಡದಾಂವ ನಾ ಇದ್ದೀನಿ.”

“ಹಡದದ್ದು ಮನ್ಯಾಗ ನಡೀತದ್ರಿ. ಇಲ್ಲಿ ಬರದದ್ದಷ್ಟ ನಡೀತದ.”

ಮಹಾರುದ್ರಪ್ಪ ಅಲ್ಲಿಯೇ ಫಾರ್ಮನ್ನು ಹರಿದು ಮಗನ ಕಡೆಗೆ ತಿರುಗಿದ. “ಅವನ ಸಹಿ ಮ್ಯಾಲ ನೀ ಓದೂದಾದ್ರ, ನನ್ನ ಮನಿ ಬಾಗಲಾ ತುಳಿಬ್ಯಾಡ.”

ಫಾರ್ಮು ಕೊಡಲು ಇನ್ನು ಮೂರು ದಿನ ಉಳಿದಿದ್ದವು. ಮೂರನೆಯ ದಿನ ವೈಜಿನಾಥ ಹೊಸ ಫಾರ್ಮಿನಲ್ಲಿ ವಿಜ್ಞಾನವೆಂದು ಬರೆದು, ನನ್ನನ್ನು ಜೊತೆಗೆ ಕರೆದುಕೊಂಡು ನಾರಾಯಣಪುರಕ್ಕೆ, ದೊಡ್ಡಪ್ಪನ ಮನೆಗೆ ಹೋದ. ಬಕ್ಕಪ್ಪ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕುಳಿತಿದ್ದ.

“ನಿಮ್ಮಪ್ಪ ಕಳಿಸ್ಯಾನೇನೋ?”

“ಇಲ್ರಿ. ಅವರು ಕಳಿಸಿದ್ರ ನಾ ಬರ್ತಿದ್ದಿಲ್ಲ.”

ಬಕ್ಕಪ್ಪ ಫಾರ್ಮನ್ನು ನನ್ನಿಂದ ಎರಡು ಸಲ ಓದಿಸಿದ. “ಇದು ಓದಿದಾಂವ ವಕೀಲ ಆಗೂದಿಲ್ಲ, ಹೌದಲ್ರಿ ಮಾಸ್ತರ?”

“ಡಾಕ್ಟರ್ ಆಗ್ತಾನ್ರಿ,” ಎಂದೆ.

ಆತ ತಕ್ಷಣ ಸಹಿ ಹಾಕಿದ. “ನಿಮ್ಮಪ್ಪಗ ಹೋಗಿ ಹೇಳು. ಆರು ವರ್ಷ ಸಾಣಿ ಹಿಡದಿದ್ದ ಕತ್ತಿ ನಾ ಕಸಗೊಂಡೆ ಅಂತ.” ಒಳಗಿದ್ದ ಹೆಂಡತಿಗೆ ಕೇಳುವಂತೆ ನಕ್ಕು, ಚಹಾ ತರಲು ಕೂಗಿದ.

“ಸಹಿ ಬೇಕಾಗಿತ್ತು, ಬಂದೆ,” ಎಂದ ವೈಜಿನಾಥ. “ನಿಮ್ಮ ಖುಷಿ ನಿಮ್ಮ ಹಂತ್ಯಾಕ ಇರಲಿ, ದೊಡ್ಡಪ್ಪ.”

ಚಹಾ ಕುಡಿಯದೆ ಎದ್ದೆವು.

ಅವನು ಹುಮನಾಬಾದು ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಟ್ರಂಕು ಬೀದಿಯಲ್ಲಿತ್ತು. ತಾಯಿ ಲಲಿತಾಬಾಯಿ ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು. ಒಳಗಿನಿಂದ ಮಹಾರುದ್ರಪ್ಪ ಅವಳನ್ನು ಹೆಸರು ಹಿಡಿದು ಕರೆದ. ಅವಳು ಎದ್ದು ಹೋದಳು.

ವೈಜಿನಾಥ ಡಾಕ್ಟರನಾದ. ಅದೇ ಊರಿನಲ್ಲಿ, ತಂದೆಯ ಮನೆಯಿಂದ ಮೂರನೆಯ ಓಣಿಯಲ್ಲಿ ದವಾಖಾನೆ ತೆರೆದ. ಜ್ವರ ಬಂದಾಗಲೆಲ್ಲ ಮಹಾರುದ್ರಪ್ಪ ಕಂಬಳಿ ಹೊದ್ದುಕೊಂಡು ಅದರ ಬಾಗಿಲ ಮುಂದೆಯೇ ನಡೆದು, ಮೋಟಾರು ಹತ್ತಿ ಬಸವಕಲ್ಯಾಣದ ಹಕೀಮ ಗಯಾಸುದ್ದೀನರ ಬಳಿಗೆ ಹೋಗುತ್ತಿದ್ದ.